ಒಬ್ಬರೇ ಎಳೆಯಬೇಕಾದ ದೋಣಿ

...ಅಥವಾ ನಮ್ಮ ಗಿರಾಕಿ ಅಬ್ಲಾರಿಗೆ ನೋವಿದ್ದದ್ದು ಎಡ ಭುಜಕ್ಕೇ ಇರಬಹುದು. ಬಲ ಭುಜ ಎಂದೇ ನಾನು ಹೇಳುತ್ತ ಬಂದಿದ್ದೇನೆ. ಆದರೆ ಅದು ಕಂಡ ನೆನಪಲ್ಲ, ಲೆಕ್ಕ ಹಾಕಿ ತೆಗೆದ ನೆನಪು. ವಿಂಚಿನ, ಅಂದರೆ ದೋಣಿ ಎಳೆಯುವ ರಾಟೆಯ, ಹಿಡಿಯನ್ನು ನಾವು ಟ್ರೇಲರಿನ ಚಾಲಕನ ಬದಿಗೆ ಬರುವಂತೆ ಕೂರಿಸಿದ್ದೆವು, ಇಷ್ಟು ಖಾತ್ರಿ. ಆ ಬದಿಯಲ್ಲಿ ದೋಣಿಗೆ ಮುಖ ಮಾಡಿ ನಿಂತರೆ ಎಡಗೈ ಹಿಡಿಯ ಮೇಲೆ ಬೀಳುತ್ತದೆ. ಹಾಗಾಗಿ ಕೆಟ್ಟದ್ದು ಬಲ ಭುಜವೇ ಆಗಿರಬೇಕು. ಮೊನ್ನೆ ಮೇಸ್ತ್ರಿಯವರನ್ನು ಕೇಳಿದೆ. "ಎಡ ಮಾರಾಯ, ಎಡ. ಮೊದಲ ದಿವಸ ಎಡಗೈ ಕೊರಳಿನ ಜೋಳಿಗೆಗೆ ಹಾಕಿಕೊಂಡೇ ಬಂದಿದ್ದರಲ್ಲ" ಎಂದರು. ಜೋಳಿಗೆ ನನಗೆ ನೆನಪಿಲ್ಲ. ಹಿಡಿ ಯಾವ ಬದಿಗಿತ್ತೆಂದು ಅವರಿಗೆ ನೆನಪಿಲ್ಲ. ಇಬ್ಬರೂ ಖಚಿತವಾಗಿ ಮಾತಾಡುತ್ತೇವೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಮೇಸ್ತ್ರಿ ಮತ್ತು ನಾನು ಮಾತಾಡುವುದು ತುಳು. ಅಬ್ಲಾ ನಮ್ಮೊಂದಿಗೆ ಮಾತಾಡಿದ್ದು ಇಂಗ್ಲಿಷು, ಅರಬ್ಬಿ, ಹಿಂದಿ ಮೂರನ್ನೂ ಕಲಸಿ. ಈ ಕಥೆಯಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡುತ್ತಾರೆ. ಅಂದರೆ ಮೊದಲ ಸಾಲಿನಲ್ಲೇ ಒಂದು ಪದರ ಬದಲಾಗಿ ಹೋಗಿದೆ.

ಕುವೈತಿನ ಸಬ್ಹಾನ್‌ನಲ್ಲಿ ನಮ್ಮದು ಟ್ರೇಲರ್ ಕಟ್ಟುವ, ರಿಪೇರಿ ಮಾಡುವ ಶೆಡ್ಡು. ಮುಂದೆ ಸಣ್ಣ ಅಂಗಡಿ, ಹಿಂದೆ ವೆಲ್ಡಿಂಗ್. ಲೆಕ್ಕ, ಅಳತೆ, ಗಿರಾಕಿಯ ಜೊತೆ ಮಾತು ನನ್ನ ಕೆಲಸ. ಮಲ್ಪೆ ಕಡೆಯ ಮೇಸ್ತ್ರಿಯವರದು ಉಳಿದದ್ದೆಲ್ಲ. ಅಬ್ಲಾ ಎಂದರೆ ಇಲ್ಲಿನ ಮಕ್ಕಳು ಶಾಲೆಯ ಟೀಚರಮ್ಮನನ್ನು ಕರೆಯುವ ಹೆಸರು. ಅವರು ಭೂಗೋಳ ಕಲಿಸಿ ನಿವೃತ್ತರಾದವರು. ಮೊದಲ ದಿನ ಅಂಗಡಿಯಲ್ಲಿದ್ದ ಇನ್ನೊಬ್ಬ ಕುವೈತಿ ಗಿರಾಕಿ ಅವರ ಹಳೆಯ ವಿದ್ಯಾರ್ಥಿಯಾಗಿದ್ದ. ಅವನು ಎದ್ದು ನಿಂತು ಅಬ್ಲಾ ಎಂದ, ನಮಗೂ ಅದೇ ರೂಢಿಯಾಯಿತು.

"ನನಗೊಂದು ವಿಂಚ್ ಬೇಕು. ದೋಣಿಯನ್ನು ನೀರಿನಿಂದ ಟ್ರೇಲರಿಗೆ ಎಳೆಯಲು. ನಾನೊಬ್ಬಳೇ ತಿರುಗಿಸುವಂಥದ್ದು."

"ಜೊತೆಗೆ ಯಾರೂ ಇರುವುದಿಲ್ಲವಾ ಅಬ್ಲಾ?"

"ಇರುತ್ತಾರೆ. ಇಬ್ಬರು ತಮ್ಮಂದಿರು. ಕೈಕಟ್ಟಿ ನೋಡುತ್ತ ಇರುತ್ತಾರೆ."

ದೋಣಿ ಅವರ ತಂದೆಯದು. ಫೈಬರಿನ ಹಳೆಯ ಮೋಟಾರು ದೋಣಿ, ಇಪ್ಪತ್ತೆರಡು ಅಡಿ. ತಮ್ಮಂದಿರು ಸಮುದ್ರಕ್ಕೆ ಹೋಗುವುದನ್ನು ಯಾವತ್ತೋ ಬಿಟ್ಟಿದ್ದರು. ಇವರು ಬಿಡಲಿಲ್ಲ. ಭುಜದ ಆಪರೇಷನ್ ಆದಮೇಲೆ ದೋಣಿ ಮಾರುವ ಮಾತು ಶುರುವಾಯಿತು. ಜಹ್ರಾ ಊರಿನಲ್ಲಿ ಕೊಳ್ಳುವವನೂ ಸಿದ್ಧನಿದ್ದ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು: ಒಂದು ಶುಕ್ರವಾರ ತಮ್ಮಂದಿರ ಮುಂದೆ ಅಬ್ಲಾ ಒಬ್ಬರೇ ದೋಣಿಯನ್ನು ನೀರಿನಿಂದ ಮೇಲೆತ್ತಬೇಕು. ಎತ್ತಿದರೆ ಮಾರುವ ಮಾತು ಮತ್ತೆ ಇಲ್ಲ. ಎತ್ತದಿದ್ದರೆ ದೋಣಿ ಜಹ್ರಾಕ್ಕೆ.

ಮೇಸ್ತ್ರಿ ನನ್ನ ಕಿವಿಯ ಹತ್ತಿರ, "ದೊಡ್ಡದೊಂದು ಕೊಟ್ಟು ಕಳಿಸು ಮಾರಾಯ. ವಿಂಚ್ ದೊಡ್ಡದಾದರೆ ತಲೆಬಿಸಿ ಇಲ್ಲ" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು ಎಂದು ಈಗ ತೋರುತ್ತದೆ.

ಮೊದಲ ಕೆಲಸ ತೂಕ. ಕ್ಯಾಟಲಾಗಿನಲ್ಲಿ ಬರೆದಿರುವುದು ಬರೀ ಒಡಲಿನ ತೂಕ. ಎಂಜಿನ್, ಪೆಟ್ರೋಲ್, ಲಂಗರು, ಐಸ್ ಪೆಟ್ಟಿಗೆ, ಮೀನು ಹಿಡಿಯುವ ತಂತಿಬುಟ್ಟಿಗಳು ಅದರಲ್ಲಿ ಇರುವುದಿಲ್ಲ. ಹಳೆಯ ದೋಣಿಯ ನೆಲದಡಿಯ ಫೋಮ್ ಕುಡಿದ ನೀರಂತೂ ಯಾವ ಕಾಗದದಲ್ಲೂ ಇರುವುದಿಲ್ಲ. ಲಾರಿ ತೂಗುವ ಕಟ್ಟೆಗೆ ಒಯ್ದು ದೋಣಿಸಮೇತ ಟ್ರೇಲರ್ ತೂಗಿಸಿ, ದೋಣಿ ಇಳಿಸಿದ ಮೇಲೆ ಬರೀ ಟ್ರೇಲರ್ ತೂಗಿಸಿ ಕಳೆದೆವು. ಒಂದೂವರೆ ಟನ್ನಿನ ಆಸುಪಾಸು ಬಂತು. ಕ್ಯಾಟಲಾಗಿಗಿಂತ ಬಹಳ ಹೆಚ್ಚು. ಅದಕ್ಕೆ ತಕ್ಕಂತೆ ಹಲ್ಲಿನ ಗಾಲಿಯ ದೊಡ್ಡ ರ‍್ಯಾಚೆಟ್ ವಿಂಚ್ ಒಂದನ್ನು ಕೂರಿಸಿ, ಪರೀಕ್ಷೆಗೆಂದು ಅಬ್ಲಾ ಯಾವಾಗಲೂ ದೋಣಿ ಇಳಿಸುವ ಕಾಂಕ್ರೀಟಿನ ಇಳಿಜಾರು ರ‍್ಯಾಂಪಿಗೆ ಹೋದೆವು. ಬೇಕೆಂದೇ ಇಳಿತದ ಹೊತ್ತು ಆರಿಸಿಕೊಂಡದ್ದು. ಇಲ್ಲಿ ಇಳಿತದಲ್ಲಿ ನೀರು ಬಹಳ ದೂರ ಹಿಂದೆ ಸರಿಯುತ್ತದೆ. ಕಾಂಕ್ರೀಟಿನ ಕೊನೆಯ ಭಾಗ ಪಾಚಿ ಹಿಡಿದು ಹೊರಬರುತ್ತದೆ, ಅದರಾಚೆ ಟ್ರೇಲರಿನ ಚಕ್ರ ಇಳಿಸಿದರೆ ಕೆಸರು. ಟ್ರೇಲರ್ ಆಳಕ್ಕೆ ಹೋಗದಿದ್ದರೆ ದೋಣಿ ತೇಲಿಕೊಂಡು ಬಂದು ಕೂರುವುದಿಲ್ಲ, ಪೂರಾ ಎಳೆದೇ ಹತ್ತಿಸಬೇಕು.

ನಾವು ನಾಲ್ವರು ಹೋಗಿದ್ದೆವು: ಮೇಸ್ತ್ರಿ, ಇಬ್ಬರು ವೆಲ್ಡರುಗಳು, ನಾನು. ನಾಲ್ವರೂ ಕರಾವಳಿಯವರು. ಅಬ್ಲಾ ಕಾರಿಗೆ ಒರಗಿ ನಿಂತಿದ್ದರು. ಹಿಡಿ ತಿರುಗಿಸುತ್ತಿದ್ದವನು ನಾನು. ದೋಣಿಯ ಮೂತಿ ಟ್ರೇಲರಿನ ಕೊನೆಯ ರೋಲರಿಗೆ ಏರಿ, ಭಾರ ಕೈಗೆ ತಿಳಿಯತೊಡಗಿತು. ಅಷ್ಟರಲ್ಲಿ ಹಿಂದಿನಿಂದ ಕೇಳಿಸಿತು.

"ಐಸಾ!"

ಯಾರೂ ಯಾರಿಗೂ ಹೇಳಿರಲಿಲ್ಲ. ಮೊಣಕಾಲು ನೀರಿನಲ್ಲಿ ಮೂವರೂ ದೋಣಿಯ ಎರಡು ಮಗ್ಗುಲಿಗೆ ಕೈಕೊಟ್ಟು ನಿಂತಿದ್ದರು. ನಮ್ಮ ಕಡಲದಂಡೆಯಲ್ಲಿ ನೀರಿನಿಂದ ಬರುವ ದೋಣಿಗೆ ಕೈ ಕೊಡದೆ ನಿಂತು ನೋಡುವವರು ಇಲ್ಲ. ದಾರಿಯಲ್ಲಿ ಹೋಗುವವನೂ ಚಪ್ಪಲಿ ಕಳಚಿಟ್ಟು ಬರುತ್ತಾನೆ, ಕೈ ಹಾಕಿದವನಿಗೆ ಒಂದು ಹಿಡಿ ಮೀನು ಸಿಗುತ್ತದೆ. ಅಲ್ಲಿ ಎಳೆತ ಕೂಗಿಗೆ ತಕ್ಕಂತೆ: ಎಲ್ಲರೂ ಒಟ್ಟಿಗೆ ಒಂದು ಕುಲುಕು, ಬಿಟ್ಟು ಉಸಿರು, ಮತ್ತೊಂದು ಕುಲುಕು. ಮರದ ದಿಮ್ಮಿಗಳ ಮೇಲೆ ಉರುಳುವ ದೋಣಿಯ ಹಗ್ಗ ಆ ತಾಳವನ್ನು ತಡೆದುಕೊಳ್ಳುತ್ತದೆ.

ವಿಂಚ್ ತಡೆದುಕೊಳ್ಳಲಿಲ್ಲ. ಐಸಾ ಎಂದಾಗ ದೋಣಿ ಒಂದಡಿ ಮುಂದೆ ಹಾರಿತು, ವಿಂಚಿನಿಂದ ದೋಣಿಗೆ ಹೋಗುವ ಪಟ್ಟಿ ಸಡಿಲವಾಯಿತು. ಆ ಸಡಿಲನ್ನು ನಾನು ಸರಸರ ಸುತ್ತಿಕೊಂಡೆ. ಅವರು ಮುಂದಿನ ಕೂಗಿಗೆ ಉಸಿರು ತೆಗೆದುಕೊಂಡಾಗ ಇಡೀ ಭಾರ ಆ ಸಡಿಲ ಸುತ್ತುಗಳ ಮೇಲೆ ಹಿಂದಕ್ಕೆ ಬಿತ್ತು. ಮೂರನೆಯದೋ ನಾಲ್ಕನೆಯದೋ ಸಲ, ಹಲ್ಲಿನ ಗಾಲಿ ಹಿಂದೆ ತಿರುಗದಂತೆ ತಡೆಯುವ ಚಿಕ್ಕ ನಾಲಿಗೆ ಚಟ್ ಎಂದು ಮುರಿಯಿತು. ಹಿಡಿ ನನ್ನ ಕೈ ಬಿಡಿಸಿಕೊಂಡು ಫ್ಯಾನಿನಂತೆ ತಿರುಗಿತು. ದೋಣಿ ಹಿಮ್ಮುಖವಾಗಿ ಜಾರಿ ನೀರಿಗೆ ಹೋಯಿತು. ನೀರಿನಲ್ಲಿದ್ದವರು ಪಕ್ಕಕ್ಕೆ ಹಾರಿಕೊಂಡರು, ಯಾರಿಗೂ ಏನೂ ಆಗಲಿಲ್ಲ.

ಅಬ್ಲಾ ಬೈಯಲಿಲ್ಲ. ಹತ್ತಿರ ಬಂದು ಮುರಿದ ನಾಲಿಗೆಯನ್ನು ನೋಡಿದರು.

"ನಾಲ್ಕು ಜನ ಸೇರುವುದಾದರೆ ವಿಂಚ್ ಯಾಕೆ ಕೊಳ್ಳಬೇಕು? ಶುಕ್ರವಾರ ನೀವು ಯಾರೂ ಇರುವುದಿಲ್ಲ. ಇವತ್ತು ನೀವು ಪರೀಕ್ಷೆ ಮಾಡಿದ್ದು ಯಾರನ್ನು?"

ಮೇಸ್ತ್ರಿ ಲುಂಗಿಯ ಅಂಚು ಹಿಂಡುತ್ತ ನನಗೆ ಮಾತ್ರ ಕೇಳುವಂತೆ, "ಪರೀಕ್ಷೆ ಕೊಟ್ಟದ್ದು ನಾವು, ಫೇಲಾದದ್ದೂ ನಾವು" ಎಂದರು. ಲುಂಗಿ? ಕೆಲಸಕ್ಕೆ ಅವರು ಪ್ಯಾಂಟು ಹಾಕುತ್ತಾರೆ. ನನ್ನ ನೆನಪು ಅವರನ್ನು ಮಲ್ಪೆಯ ದಂಡೆಯಲ್ಲಿ ನಿಲ್ಲಿಸಿಬಿಟ್ಟಿದೆ. ಮಾತು ಮಾತ್ರ ಅವರದೇ.

ನಾಲಿಗೆ ನಮ್ಮ ಕುಲುಕಿಗೆ ಮುರಿಯಿತೋ, ಮೊದಲೇ ಬಿರುಕಿತ್ತೋ, ಹೇಳಲಾರೆ. ಚೂರು ಪಾಚಿಯಲ್ಲಿ ಬಿದ್ದು ಸಿಗಲಿಲ್ಲ. ಆದರೆ ಅವತ್ತು ಒಂದು ವಿಷಯ ಸ್ಪಷ್ಟವಾಯಿತು: ನಾವು ದೋಣಿಯನ್ನು ತೂಗಿದ್ದೆವೇ ಹೊರತು ಅದನ್ನು ಎಳೆಯಲು ಒಬ್ಬರಿಗೆ ಎಷ್ಟು ಬಲ ಬೇಕು ಎಂದು ಅಳೆದಿರಲಿಲ್ಲ. ಎರಡೂ ಒಂದೇ ಅಲ್ಲ.

ಎರಡನೆಯ ಸಲ ಹೊಸ ನಾಲಿಗೆ ಹಾಕಿ ಅದೇ ರ‍್ಯಾಂಪಿಗೆ ಹೋದೆವು. ಈ ಸಲ ಪಟ್ಟಿಯ ಕೊಕ್ಕೆಗೂ ದೋಣಿಯ ಮೂತಿಯ ಬಳೆಗೂ ನಡುವೆ, ಕ್ರೇನಿಗೆ ನೇತುಹಾಕಿ ಭಾರ ತೂಗುವ ಡಿಜಿಟಲ್ ತೂಕದ ಯಂತ್ರ ಸಿಕ್ಕಿಸಿದೆವು. ನಿಯಮ ಒಂದೇ: ದೋಣಿಗೆ ಯಾರ ಕೈಯೂ ತಾಗಬಾರದು. ವೆಲ್ಡರುಗಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮೇಸ್ತ್ರಿಯವರಿಗೆ ಅದೂ ಸಾಲಲಿಲ್ಲ.

"ನಾನು ಪಿಕಪ್ಪಿನಲ್ಲಿ ಆ ಕಡೆ ಮುಖ ಮಾಡಿ ಕೂರ್ತೇನೆ. ನೋಡಿದರೆ ನನ್ನಿಂದ ಆಗುದಿಲ್ಲ."

"ಅಣ್ಣ, ಅದು ದೋಣಿ, ಹೆರಿಗೆ ಅಲ್ಲ."

"ನಿನಗೆ ಎಂಥ ಗೊತ್ತುಂಟು, ನೀನು ಅಂಗಡಿಯವ."

ನಾನು ಒಂದೊಂದು ಸುತ್ತು ತಿರುಗಿಸಿ ನಿಲ್ಲಿಸಿ ಅಂಕಿ ಓದಿದೆ. ದೋಣಿ ಅರ್ಧ ನೀರಿನಲ್ಲಿರುವಾಗ ಇನ್ನೂರು ಕಿಲೋ ಆಸುಪಾಸು. ಹಿಂಭಾಗ ನೀರು ಬಿಟ್ಟು ಟ್ರೇಲರಿನ ಕಾರ್ಪೆಟ್ ಹೊದಿಸಿದ ಹಲಗೆಗಳ ಮೇಲೆ ಪೂರಾ ಕೂತಾಗ ಆರುನೂರು ದಾಟಿತು. ನಡುವೆ ಒಬ್ಬ ಬಂಗಾಲಿ ಮೀನುಗಾರ ಬಲೆ ಬಿಟ್ಟು ಓಡಿಬಂದು ತಳ್ಳಲು ಕೈಚಾಚಿದ. ಅಬ್ಲಾ ಶಾಲೆಯ ದನಿಯಲ್ಲಿ "ಲಾ!", ಬೇಡ, ಎಂದರು. ಅವನು ಕೈ ಹಾಗೇ ಗಾಳಿಯಲ್ಲಿಟ್ಟು ನಿಂತ.

ಕೊನೆಯ ಒಂದು ಮೀಟರಿಗೆ ಅಬ್ಲಾರನ್ನೇ ತಿರುಗಿಸಲು ಹೇಳಿದೆ. ಒಳ್ಳೆಯ ಕೈಯಲ್ಲಿ ಶುರುಮಾಡಿದರು. ಭಾರ ಏರಿದಾಗ ಇನ್ನೊಂದು ಕೈಯೂ ತಾನಾಗಿ ಬಂತು, ಯಾರಿಗಾದರೂ ಬರುತ್ತದೆ. ಹಿಡಿ ಸುತ್ತಿನ ಮೇಲ್ತುದಿಗೆ ಹೋದಾಗ ಅವರ ಭುಜಕ್ಕಿಂತ ಮೇಲಿತ್ತು. ಮುಖ ಬಿಳಿಚಿತು. ಭುಜದ ಮಟ್ಟಕ್ಕಿಂತ ಮೇಲೆ ಆ ಕೈ ಎತ್ತಬಾರದು ಎಂದು ಡಾಕ್ಟರು ಹೇಳಿದ್ದನ್ನು ಅವರು ಆಗ ಹೇಳಿದರು, ಮೊದಲು ಹೇಳಿರಲಿಲ್ಲ.

ಅಬ್ಲಾರ ದೊಡ್ಡ ತಮ್ಮ ಶೆಡ್ಡಿಗೆ ಬಂದದ್ದು ಇದಾದ ಮೇಲೆ. ಕೈಯಲ್ಲಿ ಹೊಸ ಎಲೆಕ್ಟ್ರಿಕ್ ವಿಂಚಿನ ಪೆಟ್ಟಿಗೆ.

"ಇದನ್ನು ಹಾಕು. ಬಟನ್ ಒತ್ತಿದರೆ ಖಲಾಸ್."

ಒಳ್ಳೆಯ ಮನುಷ್ಯ. ಒಪ್ಪಂದದಲ್ಲಿ ಕೈಯಿಂದಲೇ ಎಳೆಯಬೇಕೆಂದು ಇರಲಿಲ್ಲ, ಒಬ್ಬರೇ ಎಂದಷ್ಟೇ ಇತ್ತು. ಅಕ್ಕ ಸೋಲಲಿ ಎಂದು ಅವರಿಗಿರಲಿಲ್ಲ. ನಾವು ಕಾರಿನ ಬ್ಯಾಟರಿಯಿಂದ ದಪ್ಪ ವೈರು ಎಳೆದು ಕೂರಿಸಿದೆವು. ಮೂರನೆಯ ಪರೀಕ್ಷೆಗೆ ಅವರೂ ಬಂದರು. ಅಬ್ಲಾ ಬಟನ್ ಒತ್ತಿದರು, ದೋಣಿ ಹೊರಟಿತು. ನನಗೆ ನಿಜವಾಗಿ ಸಮಾಧಾನವಾಗಿತ್ತು. ಅಷ್ಟರಲ್ಲಿ ವಾಯವ್ಯದ ಗಾಳಿ ದೋಣಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿತು. ಮೂತಿ ಸರಿಯಾಗಿತ್ತು, ದೋಣಿಯ ತಳದ ಬೆನ್ನೆಲುಬು ಮಾತ್ರ ರೋಲರಿನಿಂದ ಜಾರಿತು. ಮೋಟಾರಿಗೆ ಅದು ತಿಳಿಯದು. ಅದೇ ದನಿಯಲ್ಲಿ ಎಳೆಯುತ್ತಲೇ ಹೋಯಿತು. ಅಬ್ಲಾ ಬೆರಳು ತೆಗೆಯುವಷ್ಟರಲ್ಲಿ ರೋಲರಿನ ಕಬ್ಬಿಣದ ಬ್ರ್ಯಾಕೆಟ್ ಮಡಚಿ, ದೋಣಿಯ ತಳದಲ್ಲಿ ಒಂದು ಉದ್ದನೆಯ ಗೀರು ಬಿದ್ದಿತ್ತು.

"ಬ್ರ್ಯಾಕೆಟ್ ವೆಲ್ಡ್ ಮಾಡಬಹುದು" ಎಂದರು ತಮ್ಮ.

"ಮಾಡಬಹುದು. ಆದರೆ ಜೊತೆಗೆ ಇನ್ನೊಬ್ಬರು ನೀರಿನಲ್ಲಿ ನಿಂತು ದೋಣಿ ನೇರ ಹಿಡಿಯುವುದಾದರೆ ಮಾತ್ರ ಇದು ಸರಿ. ಒಬ್ಬರೇ ಆದರೆ, ಏನೋ ತಪ್ಪುತ್ತಿದೆ ಎಂದು ಮೊದಲು ತಿಳಿಯಬೇಕಾದದ್ದು ಕೈಗೆ. ಹಿಡಿ ಇದ್ದಕ್ಕಿದ್ದಂತೆ ಭಾರವಾದರೆ ನಿಲ್ಲಿಸುತ್ತೇವೆ. ಬಟನ್ ಭಾರವಾಗುವುದಿಲ್ಲ."

ಅವರು, "ನಮಗೆ ದೋಣಿ ಬೇಡ, ಅಕ್ಕ ಬೇಕು. ಆ ಭುಜ ಇನ್ನೊಂದು ಸಲ ಹೋದರೆ ನೀನು ಬರುತ್ತೀಯಾ ಆಸ್ಪತ್ರೆಗೆ?" ಎಂದರು. ಅಬ್ಲಾ ಬೇರೆ ಕಡೆ ನೋಡುತ್ತಿದ್ದರು. ಆದರೆ ಎಲೆಕ್ಟ್ರಿಕ್ ಬೇಡ ಎಂಬುದರಲ್ಲಿ ನನಗೆ ಸಂಶಯ ಇರಲಿಲ್ಲ. ಅದನ್ನು ಅವತ್ತೇ ಬಿಚ್ಚಿದೆವು.

ಆಮೇಲಿನದು ಒಂದಕ್ಕೊಂದು ಕೊಂಡಿ. ಹಿಡಿಯ ಸುತ್ತು ಭುಜದ ಮಟ್ಟ ದಾಟಬಾರದು, ಆದ್ದರಿಂದ ಗಿಡ್ಡ ಹಿಡಿ. ಹಿಡಿ ಗಿಡ್ಡವಾದರೆ ಬಲ ಹೆಚ್ಚು ಬೇಕು, ಆದ್ದರಿಂದ ಬಹಳ ನಿಧಾನದ ಗೇರು. ಹತ್ತು ಸಲ ತಿರುಗಿಸಿದರೆ, ಪಟ್ಟಿ ಸುತ್ತಿಕೊಳ್ಳುವ ಡ್ರಮ್ ಒಂದು ಸುತ್ತು. ನಿಧಾನ ಎಂದರೆ ನಡುವೆ ದಣಿವಾರಿಸಿಕೊಳ್ಳಲೇಬೇಕು, ಆದ್ದರಿಂದ ರ‍್ಯಾಚೆಟ್ ಸಾಲದು, ಬ್ರೇಕ್ ಇರುವ ವಿಂಚ್ ಬೇಕು. ಅದರಲ್ಲಿ ಕೈಬಿಟ್ಟರೆ ದೋಣಿ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ, ಹಿಡಿ ಹಿಂದೆ ತಿರುಗಿ ಹೊಡೆಯುವುದಿಲ್ಲ. ಹಿಡಿ ಚಾಲಕನ ಬದಿಗೆ ಬರುವ ಮಾದರಿಗೆ ಅಂಗಡಿ ಅಂಗಡಿ ತಿರುಗಿದೆ. ಹಲಗೆಯ ಕಾರ್ಪೆಟ್ ಕಿತ್ತು ಜಾರುವ ಪ್ಲಾಸ್ಟಿಕ್ ಪಟ್ಟಿ ಹೊಡೆಸಿದೆವು. ದೋಣಿ ಪಕ್ಕಕ್ಕೆ ಸರಿಯದಂತೆ ಟ್ರೇಲರಿನ ಹಿಂದೆ ಎರಡು ಕಂಬ ನೆಟ್ಟೆವು. ಪೆಟ್ಟಿಗೆಯ ಮೇಲಿನ ಎಳೆಯುವ ಭಾರದ ಅಂಕಿ ನೋಡಿದರೆ ಇದು ನಾವು ಮೊದಲು ಹಾಕಿದ್ದಕ್ಕಿಂತ ಚಿಕ್ಕ ವಿಂಚ್.

ಇಷ್ಟೆಲ್ಲ ಆದರೂ ಕೊನೆಯ ಮೀಟರು ಇನ್ನೂ ಭಾರವಾಗಿತ್ತು. ಕಾರಣ ಡ್ರಮ್ಮಿನಲ್ಲಿತ್ತು. ಪಟ್ಟಿ ಸುತ್ತಿದಷ್ಟೂ ಡ್ರಮ್ ದಪ್ಪವಾಗುತ್ತದೆ, ದಪ್ಪವಾದಷ್ಟೂ ಹಿಡಿ ಭಾರವಾಗುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿ ಬರಿಯ ಡ್ರಮ್ಮಿನದು. ದೋಣಿ ಅತಿ ಭಾರವಾಗುವ ಹೊತ್ತಿಗೆ ಡ್ರಮ್ಮೂ ಅತಿ ದಪ್ಪವಾಗಿರುತ್ತದೆ. ವಿಂಚಿನ ಜೊತೆ ಬಂದ ಪಟ್ಟಿ ನಮಗೆ ಬೇಕಾದದ್ದಕ್ಕಿಂತ ಬಹಳ ಉದ್ದ. ಎಂದೂ ಬಿಚ್ಚದ ಆ ಹೆಚ್ಚಿನ ಸುತ್ತುಗಳು ತಳದಲ್ಲಿ ಸುಮ್ಮನೆ ಕೂತು ಡ್ರಮ್ಮನ್ನು ದಪ್ಪ ಮಾಡುತ್ತಿದ್ದವು.

"ಕತ್ತರಿಸೋಣ" ಎಂದೆ.

ಮೇಸ್ತ್ರಿ ನನ್ನನ್ನು ನೋಡಿದ ರೀತಿ ಮರೆಯುವಂಥದ್ದಲ್ಲ, ಅಷ್ಟರಮಟ್ಟಿಗೆ ನೆನಪನ್ನು ನಂಬುತ್ತೇನೆ.

"ಹಗ್ಗ ಕತ್ತರಿಸುವುದಾ? ಸಮುದ್ರಕ್ಕೆ ಹೋಗುವ ಹಗ್ಗ ಯಾರಾದರೂ ಕತ್ತರಿಸುತ್ತಾರಾ? ಉದ್ದ ಇದ್ದರೆ ಇರ್ಲಿ. ಗಿಡ್ಡ ಆದರೆ ಎಂಥ ಮಾಡ್ತೀ?"

"ಇದು ಹಗ್ಗ ಅಲ್ಲ, ಪಟ್ಟಿ. ಅಳತೆ ಮಾಡಿದ್ದೇನೆ. ಇಳಿತದಲ್ಲಿ ದೋಣಿಯ ಮೂತಿ ನಿಲ್ಲುವ ಜಾಗದವರೆಗೆ, ಮೇಲೆ ಡ್ರಮ್ಮಿನಲ್ಲಿ ಉಳಿಯಬೇಕಾದ ಮೂರು ಸುತ್ತು, ಮೇಲೆ ಒಂದು ಮೀಟರ್ ಧಾರಾಳ."

"ಯಾವ ಇಳಿತ?"

ಇಲ್ಲಿ ಎರಡು ಆವೃತ್ತಿಗಳಿವೆ. ನನ್ನದರಲ್ಲಿ ಮೇಸ್ತ್ರಿ ಅಷ್ಟೇ ಹೇಳಿದರು, ಅಬ್ಲಾ "ಕತ್ತರಿಸು" ಎಂದರು. ಮೇಸ್ತ್ರಿಯವರದರಲ್ಲಿ ಅಬ್ಲಾ, "ನೀರು ಇದಕ್ಕಿಂತಲೂ ಕೆಳಗೆ ಹೋಗುವುದುಂಟು" ಎಂದು ಸ್ಪಷ್ಟವಾಗಿ ಎಚ್ಚರಿಸಿದರು, ನಾನು ಕೇಳಿಸಿಕೊಳ್ಳದೆ ಬ್ಲೇಡು ಹಾಕಿದೆ. ಭೂಗೋಳದ ಟೀಚರು ಅಷ್ಟು ಹೇಳದೆ ಇರುತ್ತಾರೆಯೇ ಎಂಬುದು ಅವರ ವಾದ. ವಾದ ಚೆನ್ನಾಗಿದೆ. ಕತ್ತರಿಸಿದವನು ನಾನು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ, ಡ್ರಮ್ಮಿಗೆ ಬೋಲ್ಟು ಹಾಕಿ ಬಿಗಿದು, ಭಾರ ಕೊಟ್ಟು ಒಂದೊಂದೇ ಸುತ್ತು ನೇರವಾಗಿ ಸುತ್ತಿಸಿದೆ.

ನಾಲ್ಕನೆಯ ಪರೀಕ್ಷೆಯಲ್ಲಿ ಅಬ್ಲಾ ಒಬ್ಬರೇ ಇಡೀ ದೋಣಿಯನ್ನು ಎತ್ತಿದರು. ಕಾರಿನ ಚಕ್ರಕ್ಕೆ ಅಡ್ಡಿ ಇಟ್ಟದ್ದರಿಂದ ಹಿಡಿದು ಮೂತಿಗೆ ಚೈನು ಹಾಕುವವರೆಗೆ ಎಲ್ಲವೂ ಅವರೇ. ನಡುವೆ ಕೈಬಿಟ್ಟು, ಫ್ಲಾಸ್ಕಿನಿಂದ ಚಹಾ ಕುಡಿದು, ಮತ್ತೆ ಹಿಡಿ ಹಿಡಿದರು. ದೋಣಿ ಇಳಿಜಾರಿನ ಮಧ್ಯೆ ಅಲುಗದೆ ಕಾಯುತ್ತಿತ್ತು. ಪಿಕಪ್ಪಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದ ಮೇಸ್ತ್ರಿ ಕನ್ನಡಿಯನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡಿಕೊಂಡು ನೋಡುತ್ತಿದ್ದದ್ದು ನನಗೆ ಕಂಡಿತು.

"ಶುಕ್ರವಾರ ನಾನು ದೂರದಲ್ಲಿ ನಿಂತಿರಲಾ ಅಬ್ಲಾ?" ಎಂದು ಕೇಳಿದೆ.

"ಬೇಡ. ನೀನು ಬಂದರೆ ನಿನ್ನ ಕೈ ಸುಮ್ಮನಿರುವುದಿಲ್ಲ. ನನಗೆ ಗೊತ್ತು."

ನಾನು ಹೋಗಲಿಲ್ಲ. ಶನಿವಾರ ಫೋನು ಬರಲಿಲ್ಲ. ಮೇಸ್ತ್ರಿ ದಿನಾ "ಕೇಳು ಮಾರಾಯ, ಒಂದು ಫೋನು ಮಾಡು" ಎನ್ನುತ್ತಿದ್ದರು. ನಾನು ಮಾಡಲಿಲ್ಲ. ವಿಂಚಿನ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಯಾವ ಇಳಿತ ಎಂಬ ಪ್ರಶ್ನೆ ಮಾತ್ರ ಅಂಗಡಿಯಲ್ಲಿ ನನ್ನ ಜೊತೆ ಕೂತಿತ್ತು.

ಬಹಳ ವಾರಗಳ ಮೇಲೆ ಅಬ್ಲಾ ಬಂದರು. ಕಾರಿನ ಹಿಂದೆ ಟ್ರೇಲರ್, ಟ್ರೇಲರಿನ ಮೇಲೆ ಅದೇ ದೋಣಿ. ಜಹ್ರಾಕ್ಕೆ ಹೋಗಿರಲಿಲ್ಲ. ಮೇಸ್ತ್ರಿ ವೆಲ್ಡಿಂಗ್ ಬಿಟ್ಟು ಹೊರಗೆ ಓಡಿಬಂದರು.

"ಹೊಸ ಪಟ್ಟಿ ಬೇಕು. ಇದಕ್ಕಿಂತ ಎರಡು ಮೀಟರ್ ಉದ್ದ."

ಹಳೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಉಪ್ಪಿನಿಂದ ಸೆಟೆದಿತ್ತು, ಅಂಚು ಸವೆದಿತ್ತು, ಸುತ್ತುಗಳ ಮಡಿಕೆ ನೇರವಾಗಿತ್ತು. ಎಷ್ಟೋ ಸಲ ಭಾರ ಎಳೆದ ಪಟ್ಟಿ. ತುದಿಯ ಕೊಕ್ಕೆಗೆ ಒಂದು ನೀಲಿ ಹಗ್ಗದ ತುಂಡು ಕಟ್ಟಿತ್ತು, ತಂತಿಬುಟ್ಟಿ ಇಳಿಸುವ ಹಗ್ಗ, ಇನ್ನೊಂದು ತುದಿಯಲ್ಲಿ ಕುಣಿಕೆ. ಗಂಟು ಭಾರಕ್ಕೆ ಬಿಗಿದು ಕಲ್ಲಿನಂತಾಗಿತ್ತು.

"ಶುಕ್ರವಾರ ಪಟ್ಟಿ ದೋಣಿಯವರೆಗೆ ಮುಟ್ಟಲಿಲ್ಲವಾ ಅಬ್ಲಾ?"

"ನೀರು ಬಹಳ ಕೆಳಗಿತ್ತು."

"ಮತ್ತೆ?"

"ದೋಣಿ ಹೊರಗೆ ನಿಂತಿದೆ. ನೋಡು" ಎಂದು ನಕ್ಕರು. ಅಷ್ಟೇ ಹೇಳಿದ್ದು.

ಮೇಸ್ತ್ರಿ ಗಂಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದು ನಮ್ಮ ಮಲ್ಪೆಯವರು ಹಾಕುವ ಗಂಟು."

"ಮಲ್ಪೆಯಲ್ಲಿ ಮಾತ್ರ ಹಾಕುವುದಾ ಅಣ್ಣ?"

"ಎಲ್ಲ ಕಡೆ ಹಾಕ್ತಾರೆ" ಎಂದು ಒಪ್ಪಿಕೊಂಡರು.

ಅಬ್ಲಾ ಹೋದಮೇಲೆ ನಾನು ಶೆಡ್ಡಿನಲ್ಲಿ ಅದನ್ನು ಮಾಡಿ ನೋಡಿದೆ. ಹಗ್ಗದ ಕುಣಿಕೆಯನ್ನು ದೋಣಿಯ ಬಳೆಗೆ ಹಾಕಿ, ಗಂಟು ರೋಲರಿಗೆ ತಾಗುವವರೆಗೆ ಎಳೆದು, ಬ್ರೇಕಿನ ಮೇಲೆ ಬಿಟ್ಟು, ಚೈನು ಹಾಕಿ, ಹಗ್ಗ ಬಿಡಿಸಿ, ಕೊಕ್ಕೆಯನ್ನು ನೇರ ಬಳೆಗೆ ಸಿಕ್ಕಿಸಿ, ಮತ್ತೆ ಎಳೆಯುವುದು. ಒಬ್ಬರಿಂದ ಸಾಧ್ಯ, ಒಂದು ಭುಜ ಕೆಟ್ಟಿದ್ದರೂ ಸಾಧ್ಯ. ಆದರೆ ಸಾಧ್ಯ ಎಂದರೆ ಹಾಗೇ ನಡೆಯಿತು ಎಂದಲ್ಲ. ಪಾಚಿಯ ಮೇಲೆ ನಿಂತು ಆ ಗಂಟು ಹಾಕಿದ್ದು ಅಬ್ಲಾರೇ ಇರಬಹುದು. ಬಲೆ ಬಿಟ್ಟು ಓಡಿಬಂದ ಆ ಮೀನುಗಾರ ಇರಬಹುದು. ಕಟ್ಟಿದ್ದ ಕೈಬಿಚ್ಚಿ ನೀರಿಗಿಳಿದ ತಮ್ಮ ಇರಬಹುದು. ಇಳಿದಿದ್ದರೆ ಒಪ್ಪಂದ ಮುರಿದಂತೆಯೋ, ಮುಗಿದಂತೆಯೋ, ಅದನ್ನು ಆ ಮನೆಯವರೇ ತೀರ್ಮಾನಿಸಿರಬೇಕು.

ಗಂಟು ಯಾರದೆಂದು ನನಗೆ ಗೊತ್ತಿಲ್ಲ. ಭುಜ ಯಾವುದೆಂದೂ ಗೊತ್ತಿಲ್ಲ. ಯಾವ ಕೈ ಮುಂದೆ ಬರುತ್ತದೆಂದು ಅವತ್ತಾದರೂ ಗಮನಿಸೋಣ ಎಂದು ಹೊಸ ಪಟ್ಟಿಯ ಸುರುಳಿಯನ್ನು ಮುಂದೆ ಚಾಚಿದ್ದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.